ಟಿಪ್ಪಣಿ ಸುಟ್ಟರೂ ಉಳಿದ ಊರು: ಎಂ.ಎನ್. ಶ್ರೀನಿವಾಸ್ ಅವರ ರಾಂಪುರ

ದೇಶದ ಹೆಸರಾಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಮುಂಬೈ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆ ಅವರ ಬಳಿ, ನಂತರ ಆಕ್ಸ್‌ಫರ್ಡ್‌ನಲ್ಲಿ ಓದಿದರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ಅಲ್ಲಿನ ಜಾತಿ, ಜಮೀನು, ಜಗಳಗಳನ್ನು ಕಣ್ಣಾರೆ ಕಂಡು ಬರೆದಿಟ್ಟುಕೊಂಡರು. ಆ ಹಳ್ಳಿಗೆ ಅವರು ಕೊಟ್ಟ ಹೆಸರು ರಾಂಪುರ.

1970ರ ಏಪ್ರಿಲ್‌ನಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಶ್ರೀನಿವಾಸ್ ಕೈಚೆಲ್ಲಲಿಲ್ಲ. ನೆನಪನ್ನೇ ನೆಚ್ಚಿಕೊಂಡು ರಾಂಪುರವನ್ನು ಮತ್ತೆ ಬರೆಯಲು ಕೂತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು.

1999ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರ ಕಲಿಯುವವರು ಆ ಪುಸ್ತಕವನ್ನು ಇಂದಿಗೂ ಓದುತ್ತಾರೆ.