ವಾಕ್ಚಿತ್ರಕ್ಕೆ ಕನ್ನಡದ ಧ್ವನಿ: ಆರ್. ನಾಗೇಂದ್ರರಾವ್

ಕನ್ನಡ ಚಲನಚಿತ್ರರಂಗದ ಆದ್ಯರಲ್ಲಿ ಶ್ರೀ ಆರ್. ನಾಗೇಂದ್ರರಾವ್ ಪ್ರಮುಖರು. ಇವರು 1896ರಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ರಂಗಭೂಮಿಯನ್ನು ಪ್ರವೇಶಿಸಿ, ಮುಂದೆ ಶ್ರೀ ಎಂ.ವಿ. ಸುಬ್ಬಯ್ಯ ನಾಯ್ಡು ಅವರೊಡನೆ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದರು.

ಮೂಕಿ ಚಿತ್ರಗಳ ಕಾಲದಲ್ಲಿ ಕಥೆಯನ್ನು ತೆರೆಯ ಮೇಲಿನ ಬರಹಗಳು ತಿಳಿಸುತ್ತಿದ್ದವು.  1931ರಲ್ಲಿ ಭಾರತದಲ್ಲಿ ವಾಕ್ಚಿತ್ರ ಆರಂಭವಾದ ನಂತರ ಮಾತು ಮತ್ತು ಹಾಡು ಕಥೆಯ ವಾಹಕಗಳಾದವು. ಆದರೆ ಕನ್ನಡಿಗರು ತಮ್ಮ ಭಾಷೆಯನ್ನು ತೆರೆಯ ಮೇಲೆ ಕೇಳಲು ಇನ್ನೂ ಮೂರು ವರ್ಷ ಕಾಯಬೇಕಾಯಿತು.

ಶ್ರೀ ಚಮನ್‌ಲಾಲ್ ಡುಂಗಾಜಿ ಅವರು ನಿರ್ಮಿಸಿ, ಶ್ರೀ ವೈ.ವಿ. ರಾವ್ ಅವರು ನಿರ್ದೇಶಿಸಿದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಶ್ರೀ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಾಹಿತ್ಯ ಒದಗಿಸಿದ ಈ ಚಿತ್ರದ ಚಿತ್ರೀಕರಣವು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ನಡೆಯಿತು. ನಾಗೇಂದ್ರರಾಯರು ರಾವಣನ ಪಾತ್ರದ ಜೊತೆಗೆ ಸಂಗೀತದ ಹೊಣೆಯನ್ನೂ ಹೊತ್ತರು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿಯೂ, ಶ್ರೀಮತಿ ತ್ರಿಪುರಾಂಬ ಸುಲೋಚನೆಯಾಗಿಯೂ ಅಭಿನಯಿಸಿದರು.

ಹಿನ್ನೆಲೆ ಗಾಯನ ಇನ್ನೂ ಬಳಕೆಗೆ ಬಾರದಿದ್ದ ಆ ದಿನಗಳಲ್ಲಿ ಅಭಿನಯ, ಸಂಭಾಷಣೆ ಮತ್ತು ಗಾಯನ ಏಕಕಾಲಕ್ಕೆ ದಾಖಲಾಗಬೇಕಿತ್ತು. ಸ್ಪಷ್ಟ ಉಚ್ಚಾರಣೆ ಹಾಗೂ ಹಾಡುಗಾರಿಕೆ ಬಲ್ಲ ನಾಟಕದ ಕಲಾವಿದರೇ ಇದಕ್ಕೆ ಆಧಾರವಾದರು. ಮಟ್ಟುಗಳ ಮೂಲಕ ಕಥೆಯನ್ನು ನಡೆಸುವ ಕಂಪನಿ ನಾಟಕಗಳ ಪದ್ಧತಿಯು ಹೀಗೆ ಕನ್ನಡ ಚಿತ್ರಗಳಲ್ಲಿ ನೆಲೆಗೊಂಡಿತು.

ನಂತರ ಇವರು ‘ವಸಂತಸೇನಾ’ (1941) ಚಿತ್ರದಲ್ಲಿ ಅಭಿನಯಿಸಿದರು. ‘ಮಹಾತ್ಮ ಕಬೀರ್’ (1947), ‘ಜಾತಕಫಲ’ (1953), ‘ಪ್ರೇಮದ ಪುತ್ರಿ’ (1957) ಹಾಗೂ ‘ವಿಜಯನಗರದ ವೀರಪುತ್ರ’ (1961) ಚಿತ್ರಗಳನ್ನು ನಿರ್ದೇಶಿಸಿದರು. ಆ ವೇಳೆಗೆ ಹಾಡು ಹಿನ್ನೆಲೆ ಗಾಯಕರ ಪಾಲಾಗಿ, ನಟನ ಮಾತಿನಲ್ಲಿ ಸಹಜತೆ ಮೂಡತೊಡಗಿತ್ತು. ‘ಹಣ್ಣೆಲೆ ಚಿಗುರಿದಾಗ’ (1968) ಚಿತ್ರದ ವೃದ್ಧ ತಂದೆಯ ಪಾತ್ರದಲ್ಲಿ, ರಂಗಭೂಮಿಯ ಏರುದನಿಯಿಂದ ಬಂದ ಈ ನಟರು ಸಂಯಮದ ಮಾತಿನಿಂದ ಜನಮನ ಗೆದ್ದರು.

ಇವರ ಪುತ್ರರಾದ ಶ್ರೀ ಆರ್.ಎನ್. ಜಯಗೋಪಾಲ್ ಗೀತರಚನಕಾರರಾಗಿ, ಶ್ರೀ ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾಗಿ ಹಾಗೂ ಶ್ರೀ ಆರ್.ಎನ್. ಸುದರ್ಶನ್ ನಟರಾಗಿ ಹೆಸರಾದರು. ನಾಗೇಂದ್ರರಾಯರು 1977ರಲ್ಲಿ ನಿಧನರಾದರು.

‘ಸತಿ ಸುಲೋಚನಾ’ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ಕನ್ನಡಿಗರು ಮೊದಲ ಬಾರಿಗೆ ತೆರೆಯಿಂದ ಕೇಳಿದ ಆ ಧ್ವನಿಯನ್ನು ಮತ್ತೆ ಕೇಳುವ ಅವಕಾಶ ಉಳಿದಿಲ್ಲ. ಹಳೆಯ ಚಿತ್ರಗಳನ್ನು ಸಕಾಲದಲ್ಲಿ ಸಂರಕ್ಷಿಸುವುದರ ಅಗತ್ಯವನ್ನು ಈ ನಷ್ಟವು ತಿಳಿಸುತ್ತದೆ.