ಕೆಜಿಎಫ್‌ಗೆ ಕರೆಂಟ್ ತಂದವರು ವಿಶ್ವೇಶ್ವರಯ್ಯ ಅವರೇ? ಆ ಬೆಳಕು ನೋಡದೇ ಹೋದ ದಿವಾನ್ ಶೇಷಾದ್ರಿ ಅಯ್ಯರ್ ಕಥೆ

ವೇಮಗಲ್, ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಇದ್ದರೆ ಈ ಬಗೆಯ ಮೆಸೇಜ್ ನಿಮಗೂ ಬಂದಿರುತ್ತದೆ. ಏಷ್ಯಾದಲ್ಲೇ ಮೊದಲು ಕರೆಂಟ್ ಬಂದದ್ದು ನಮ್ಮ ಕೆಜಿಎಫ್‌ಗೆ ಎಂದು ಒಂದು ಮೆಸೇಜ್ ಹೇಳುತ್ತದೆ. ಜಪಾನ್ ಬಿಟ್ಟರೆ ನಾವೇ ಎಂದು ಇನ್ನೊಂದು. ಅದನ್ನು ಮಾಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯ ಎಂದು ಮತ್ತೊಂದು. ಕೆಳಗೆ ಪೇಟ ತೊಟ್ಟ ಅವರ ಫೋಟೋ, ಕೈ ಮುಗಿಯುವ ಎಮೋಜಿ.

ಹೆಮ್ಮೆ ಪಡುವ ವಿಷಯವೇ, ಅನುಮಾನ ಬೇಡ. ಆದರೆ ಈ ಮೆಸೇಜ್‌ಗಳಲ್ಲಿ ಒಬ್ಬರ ಹೆಸರು ಪೂರ್ತಿ ಕಾಣೆಯಾಗಿದೆ. ಅವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರಿನ ಶೇಷಾದ್ರಿಪುರಂ ಬಸ್ ಹತ್ತುವಾಗ ನಾವು ಹೇಳುವ ಹೆಸರು ಇವರದ್ದೇ.

ವಿಶ್ವೇಶ್ವರಯ್ಯ ಆಗ ಎಲ್ಲಿದ್ದರು?

ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಬಂದದ್ದು 1902ರ ಜೂನ್ 30ರಂದು. ಆಗ ವಿಶ್ವೇಶ್ವರಯ್ಯ ಬಾಂಬೆ ಪ್ರಾಂತ್ಯದ ಸರ್ಕಾರಿ ನೌಕರಿಯಲ್ಲಿದ್ದರು. ಮೈಸೂರು ಸಂಸ್ಥಾನಕ್ಕೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ಅಂದರೆ ಏಳು ವರ್ಷ ಆದ ಮೇಲೆ. ಅವರು ಹುಟ್ಟಿದ ಮುದ್ದೇನಹಳ್ಳಿ ಹಿಂದೆ ಕೋಲಾರ ಜಿಲ್ಲೆಯಲ್ಲೇ ಇತ್ತು. ನಮ್ಮ ಜಿಲ್ಲೆಯವರು ಎಂಬ ಪ್ರೀತಿಯಿಂದ ಈ ಕೆಲಸವೂ ಅವರ ಲೆಕ್ಕಕ್ಕೆ ಸೇರಿಬಿಟ್ಟಿರಬಹುದು.

ಹಾಗಂತ ಅವರ ಪಾತ್ರ ಇಲ್ಲವೇ ಇಲ್ಲ ಎಂದೂ ಅಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ನೀರು ಕೂಡಿಟ್ಟು ವರ್ಷವಿಡೀ ಬಿಡಲು ಅಣೆಕಟ್ಟು ಬೇಕಾಯಿತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಇದೂ ಒಂದು ಮುಖ್ಯ ಕಾರಣ. ಆ ಶ್ರೇಯ ವಿಶ್ವೇಶ್ವರಯ್ಯ ಅವರದ್ದು. ಮೊದಲ ಹೆಜ್ಜೆ ಮಾತ್ರ ಬೇರೆಯವರದ್ದು.

ಶೇಷಾದ್ರಿ ಅಯ್ಯರ್ ಯಾರು?

ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲಕ್ಕಾಡ್ ಹತ್ತಿರ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1868ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಸೇರಿದರು. ಕೆಳಗಿನ ಹುದ್ದೆಗಳಿಂದ ಒಂದೊಂದೇ ಮೆಟ್ಟಿಲು ಹತ್ತಿದರು. ದಿವಾನ್ ರಂಗಾಚಾರ್ಲು 1883ರಲ್ಲಿ ತೀರಿಕೊಂಡಾಗ ಇವರು ದಿವಾನರಾದರು. 1901ರವರೆಗೆ ಹದಿನೆಂಟು ವರ್ಷ ಆ ಹುದ್ದೆಯಲ್ಲಿದ್ದರು. ಮೈಸೂರಿನಲ್ಲಿ ಇಷ್ಟು ದೀರ್ಘಕಾಲ ದಿವಾನರಾಗಿದ್ದವರು ವಿರಳ.

ಅವರಿಗೆ ಸಿಕ್ಕಿದ್ದು 1876–78ರ ಭೀಕರ ಬರದಲ್ಲಿ ನಲುಗಿದ್ದ, ಸಾಲ ಹೊತ್ತಿದ್ದ ಸಂಸ್ಥಾನ. ರೈಲು ಮಾರ್ಗ, ಕೆರೆ, ಕಾಲುವೆ ಎಂದು ಒಂದೊಂದಾಗಿ ಕೈಗೆತ್ತಿಕೊಂಡರು. ಬೆಂಗಳೂರಿಗೆ ಹೆಸರಘಟ್ಟದ ನೀರು ತಂದದ್ದು, ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟು ಶುರು ಮಾಡಿದ್ದು ಅವರ ಕಾಲದಲ್ಲಿ. 1898ರ ಪ್ಲೇಗ್ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೂ ಆಗಲೇ. ನಮ್ಮ ಕಡೆಗೆ ಬಂದರೆ, ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಚಿನ್ನದ ಗಣಿಗೆ ಹೋಗುವ ರೈಲು ಮಾರ್ಗ 1894ರಲ್ಲಿ ತೆರೆಯಿತು.

ಎಲ್ಲರೂ ಅವರನ್ನು ಹೊಗಳುತ್ತಿದ್ದರು ಎಂದುಕೊಳ್ಳಬೇಡಿ. ಮದರಾಸಿನ ಕಡೆಯವರಿಗೇ ದೊಡ್ಡ ಹುದ್ದೆ ಕೊಡುತ್ತಾರೆ ಎಂಬ ದೂರು ಅವರ ಮೇಲೆ ಬಲವಾಗಿತ್ತು. ಸ್ಥಳೀಯರ ಆ ಅಸಮಾಧಾನ ಅವರ ಅಧಿಕಾರದುದ್ದಕ್ಕೂ ಬೆನ್ನು ಬಿಡಲಿಲ್ಲ.

ಗಣಿಗೆ ಕರೆಂಟ್ ಯಾಕೆ ಬೇಕಾಯಿತು?

ಆಗ ಗಣಿಯ ಯಂತ್ರಗಳೆಲ್ಲ ಹಬೆ ಎಂಜಿನ್‌ಗಳು. ಅದಿರು ಕುಟ್ಟಲು, ನೀರು ಎತ್ತಲು, ಬಂಡೆ ಕೊರೆಯುವ ಯಂತ್ರಗಳಿಗೆ ಗಾಳಿ ಒತ್ತಲು, ಎಲ್ಲಕ್ಕೂ ಬಾಯ್ಲರ್ ಉರಿಯಬೇಕು. ಬಾಯ್ಲರ್‌ಗೆ ಕಟ್ಟಿಗೆ, ಕಲ್ಲಿದ್ದಲು ಬೇಕು. ಕಲ್ಲಿದ್ದಲು ದೂರದಿಂದ ಬರಬೇಕು, ಕಟ್ಟಿಗೆಗೆ ಸುತ್ತಲಿನ ಕಾಡು ಕಡಿಯಬೇಕು. ಮೊದಲೇ ಮಳೆ ಕಡಿಮೆ ಇರುವ ಸೀಮೆ ನಮ್ಮದು. ಇಷ್ಟೆಲ್ಲ ಸುಟ್ಟರೂ ಶಾಖದಲ್ಲಿ ಬಹುಪಾಲು ಹೊಗೆಯಲ್ಲೇ, ಹಬೆಯಲ್ಲೇ ಹೋಗುತ್ತಿತ್ತು.

ಗಣಿಯ ಒಳಗೆ ದುಡಿಯುತ್ತಿದ್ದವರು ಎಲ್ಲೆಲ್ಲಿಂದಲೋ ಬಂದವರು. ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯ ತಮಿಳು, ತೆಲುಗು ಮಾತಾಡುವ ಬಡ ದಲಿತ ಕುಟುಂಬಗಳವರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದಿದ್ದರು. ಇಟಲಿಯವರೂ ಇದ್ದರು ಎಂಬುದು ಹಲವರಿಗೆ ಗೊತ್ತಿಲ್ಲ. 1880ರಿಂದ 1915ರ ಒಳಗೆ ಸುಮಾರು 1.3 ಕೋಟಿ ಇಟಲಿಯವರು ಕೂಲಿಗಾಗಿ ಊರು ಬಿಟ್ಟರು. ಬಹಳಷ್ಟು ಜನ ಯುರೋಪಿನ ಬೇರೆ ದೇಶಗಳಿಗೆ, ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್‌ಗಳಿಗೆ ಹೋದರು. ಕೆಲವರು ಕೋಲಾರದ ಸುರಂಗಕ್ಕೆ ಇಳಿದರು. ಬಿಳಿ ಚರ್ಮದವರಾದ್ದರಿಂದ ಇಲ್ಲಿಯ ಕೂಲಿಗಳಿಗಿಂತ ಹೆಚ್ಚು ಸಂಬಳ ಸಿಗುತ್ತಿತ್ತು. ಬಂಡೆಯ ದೂಳು ಮಾತ್ರ ಯಾರ ಶ್ವಾಸಕೋಶಕ್ಕೂ ಭೇದ ಮಾಡುತ್ತಿರಲಿಲ್ಲ.

ಜಲಪಾತದಿಂದ ಗಣಿಯವರೆಗೆ

ಶಿವನಸಮುದ್ರದ ಜಲಪಾತದಿಂದ ಕರೆಂಟ್ ತೆಗೆದು ಗಣಿಗೆ ಕಳಿಸುವ ಯೋಜನೆ ರೂಪಿಸಿದ ಎಂಜಿನಿಯರ್ ಎ. ಸಿ. ಜೋಲಿ ದ ಲೊಬಿನಿಯೇರ್. ಇವರು ಕೆನಡಾದ ಕ್ವಿಬೆಕ್‌ನವರು, ಮೈಸೂರಿನಲ್ಲಿ ಉಪ ಮುಖ್ಯ ಎಂಜಿನಿಯರ್. ಯೋಜನೆಯನ್ನು ಒಪ್ಪಿ, ಸಂಸ್ಥಾನದ ಖಜಾನೆಯ ಹಣ ಹಾಕಲು ಧೈರ್ಯ ಮಾಡಿದವರು ಶೇಷಾದ್ರಿ ಅಯ್ಯರ್.

ಅದು ಸಣ್ಣ ಧೈರ್ಯವಲ್ಲ. ಮಹಾರಾಜ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಪಟ್ಟಕ್ಕೆ ಬಂದ ಮಗನಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಅವರು ರೀಜೆಂಟ್ ಆಗಿ ಆಡಳಿತ ನೋಡುತ್ತಿದ್ದರು. ಯೋಜನೆ ಸೋತರೆ ಹೊಣೆಯೆಲ್ಲ ದಿವಾನರ ತಲೆಗೆ ಬರುತ್ತಿತ್ತು.

ದೂರವೂ ಹೆದರಿಸುವಂಥದ್ದು. ಇಟಲಿಯ ತಿವೋಲಿ ಜಲಪಾತದಿಂದ 1892ರಲ್ಲಿ ರೋಮ್ ನಗರಕ್ಕೆ ಕರೆಂಟ್ ಕೊಟ್ಟಾಗ ದೂರ ಸುಮಾರು 28 ಕಿಲೋಮೀಟರ್. 1896ರಲ್ಲಿ ಅಮೆರಿಕದ ನಯಾಗರಾದಿಂದ ಬಫಲೋಗೆ ಸುಮಾರು 40. ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್!

ಅಷ್ಟು ದೂರ ತಂತಿಯಲ್ಲಿ ಹೋದರೆ ಕರೆಂಟ್ ದಾರಿಯಲ್ಲೇ ಬಿಸಿಯಾಗಿ ಸೋರಿಹೋಗುವುದಿಲ್ಲವೇ? ಅದಕ್ಕೆ ಉಪಾಯ ಹೆಚ್ಚಿನ ವೋಲ್ಟೇಜ್. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿ ಸಾಗಿಸಲು ತಂತಿಯಲ್ಲಿ ಹರಿಯಬೇಕಾದ ಕರೆಂಟ್ ಹತ್ತನೇ ಒಂದಕ್ಕೆ ಇಳಿಯುತ್ತದೆ. ತಂತಿಯಲ್ಲಿ ಆಗುವ ನಷ್ಟ ನೂರನೇ ಒಂದಕ್ಕೆ ಇಳಿಯುತ್ತದೆ. ಹೀಗಾಗಿ ಈ ಲೈನನ್ನು 35,000 ವೋಲ್ಟ್‌ನಲ್ಲಿ ನಡೆಸಿದರು. ನಮ್ಮ ಮನೆಗೆ ಬರುವುದು 230 ವೋಲ್ಟ್.

ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ. ಜಲಪಾತದವರೆಗೆ ರೈಲು ಇರಲಿಲ್ಲ. ಎತ್ತಿನ ಗಾಡಿ, ಆನೆಗಳ ಬಲದಲ್ಲೇ ಭಾರದ ಸಾಮಾನು ಸಾಗಿತು.

ಕಾಯಿಲೆಯಿಂದ ಬಳಲಿದ್ದ ಶೇಷಾದ್ರಿ ಅಯ್ಯರ್ 1901ರ ಮಾರ್ಚ್‌ನಲ್ಲಿ ದಿವಾನಗಿರಿ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಗಣಿಗೆ ಸುಮಾರು 4,000 ಅಶ್ವಶಕ್ತಿಯ ವಿದ್ಯುತ್ ಹರಿದದ್ದು ಅದಾಗಿ ಒಂಬತ್ತೂವರೆ ತಿಂಗಳಿಗೆ. ಎಲ್ಲ ಹಬೆ ಎಂಜಿನ್‌ಗಳೂ ಒಂದೇ ದಿನ ನಿಲ್ಲಲಿಲ್ಲ. ಆದರೆ ಹೊಗೆ ಉಗುಳದೆ ಯಂತ್ರ ತಿರುಗಿಸಬಹುದು ಎಂಬುದು ಕೋಲಾರದಲ್ಲಿ ಸಾಬೀತಾಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಹೊತ್ತಿದ ದೀಪಕ್ಕೂ ಇದೇ ಶಿವನಸಮುದ್ರದ ಕರೆಂಟ್.

ಹಾಗಾದರೆ ಏಷ್ಯಾದಲ್ಲೇ ಮೊದಲು?

ಅಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಜಲವಿದ್ಯುತ್ ಕೇಂದ್ರ ಶುರುವಾಗಿತ್ತು. ಭಾರತದಲ್ಲೂ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲಿ ಸುಮಾರು 130 ಕಿಲೋವ್ಯಾಟ್‌ನ ಚಿಕ್ಕ ಕೇಂದ್ರ ಬಂತು. ಪ್ರಪಂಚದಲ್ಲೇ ಅತಿ ಉದ್ದದ ಲೈನ್ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಇನ್ನೂ ಉದ್ದದ ಲೈನ್ ಇತ್ತು. ಶಿವನಸಮುದ್ರದ್ದು ಭಾರತದ ಮೊದಲ ದೊಡ್ಡ ಪ್ರಮಾಣದ ಜಲವಿದ್ಯುತ್ ಯೋಜನೆ, ಅದೂ ಒಂದು ದೇಶೀ ಸಂಸ್ಥಾನ ತನ್ನ ಹಣದಲ್ಲಿ ಮಾಡಿದ್ದು ಎಂದರೆ ಸಾಕು. ಹೆಮ್ಮೆಗೆ ಅಷ್ಟು ಕಡಿಮೆಯೇ?

ಕರೆಂಟ್ ತೆಗೆದ ಮೇಲೆ ನೀರಿನ ಸತ್ವ ಹೋಗುತ್ತದೆಯೇ?

ಹಳ್ಳಿಗಳಲ್ಲಿ ಇವತ್ತಿಗೂ ಕೇಳುವ ಮಾತಿದು. ತಪ್ಪು. ಯಂತ್ರ ತೆಗೆದುಕೊಳ್ಳುವುದು ನೀರು ಮೇಲಿಂದ ಬೀಳುವ ರಭಸವನ್ನು, ನೀರಿನ ಒಳಗಿರುವ ಯಾವುದನ್ನೂ ಅಲ್ಲ. ಶಿವನಸಮುದ್ರದಲ್ಲಿ ಚಕ್ರ ತಿರುಗಿಸಿದ ನೀರು ಮತ್ತೆ ಕಾವೇರಿಗೇ ಸೇರುತ್ತದೆ. ಬೆಳೆಗೂ ಅದು ಮೊದಲಿನಂತೆಯೇ ಒಳ್ಳೆಯದು.

ಕಹಿ ಸತ್ಯವೂ ಇದೆ

ಆ ಕರೆಂಟ್ ಮೊದಲು ದುಡಿದದ್ದು ಬ್ರಿಟಿಷ್ ಕಂಪನಿಗಳ ಚಿನ್ನಕ್ಕೆ. ಗಣಿಯ ಯಂತ್ರಗಳು ಕರೆಂಟಿನಲ್ಲಿ ತಿರುಗುತ್ತಿದ್ದಾಗ ಸುತ್ತಲಿನ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ದೀಪ. ಅದು ದಶಕಗಳ ಕಾಲ ಹಾಗೇ ಇತ್ತು. ಯಂತ್ರದ ಹೊಗೆ ಕಡಿಮೆಯಾಯಿತು, ಸುರಂಗದ ದೂಳು ಕಡಿಮೆಯಾಗಲಿಲ್ಲ. 2001ರಲ್ಲಿ ಗಣಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಇನ್ನೂ ಅಲ್ಲೇ ಇವೆ. ಶಕ್ತಿ ಸ್ವಚ್ಛವಾದರೆ ಸಾಲದು, ಅದು ಯಾರಿಗೆ ಸಿಗುತ್ತದೆ ಎಂಬುದೂ ಮುಖ್ಯ. ಸೋಲಾರ್, ಬ್ಯಾಟರಿ ಗಾಡಿ ಎನ್ನುವ ಈ ದಿನಗಳಲ್ಲೂ ಕೇಳಬೇಕಾದ ಪ್ರಶ್ನೆ ಅದೇ.

ಮುಂದಿನ ಸಲ ಆ ಮೆಸೇಜ್ ಬಂದರೆ ಹಾಗೇ ಫಾರ್ವರ್ಡ್ ಮಾಡಬೇಡಿ. ಏಷ್ಯಾದಲ್ಲೇ ಮೊದಲು ಎಂಬುದನ್ನು ಅಳಿಸಿ, ಶೇಷಾದ್ರಿ ಅಯ್ಯರ್ ಹೆಸರು ಸೇರಿಸಿ. ಪಾಲಕ್ಕಾಡಿನ ದಿವಾನ, ಕ್ವಿಬೆಕ್‌ನ ಎಂಜಿನಿಯರ್, ಚಿತ್ತೂರಿನ ಕೂಲಿ, ಇಟಲಿಯ ಗಣಿಗಾರ, ಹೀಗೆ ಹೊರಗಿನಿಂದ ಬಂದವರೆಲ್ಲ ಸೇರಿ ಮಾಡಿದ ಕೆಲಸ ಇದು ಎಂದೂ ಒಂದು ಸಾಲು ಬರೆಯಿರಿ. ಆಮೇಲೆ ಧಾರಾಳವಾಗಿ ಕಳಿಸಿ.