ನಾಡವೈದ್ಯಕ್ಕೆ ನೆರಳಾದ ದೊರೆ: ಹವಾಯಿಯ ಕಲಾಕೌವ

1881ರ ಬೇಸಗೆಯಲ್ಲಿ ಪರದೇಶದ ಅರಸನೊಬ್ಬನು ಕಲಕತ್ತೆಯಿಂದ ರೈಲಿನಲ್ಲಿ ಮುಂಬಯಿಗೆ ಬಂದನು. ಮೈಬಣ್ಣ ಹೆಚ್ಚುಕಡಿಮೆ ನಮ್ಮದೇ, ಉಡುಪು ಮಾತ್ರ ಯುರೋಪಿನದು. ರಾಜ್ಯವೋ ಶಾಂತಸಾಗರದ ನಡುವಣ ಕೆಲವು ದ್ವೀಪಗಳು. ಹವಾಯಿಯ ದೊರೆ ಡೇವಿಡ್ ಕಲಾಕೌವನು ಭೂಪ್ರದಕ್ಷಿಣೆಗೆ ಹೊರಟಿದ್ದನು. ಪಟ್ಟದಲ್ಲಿರುವಾಗಲೇ ಭೂಮಿಯನ್ನು ಸುತ್ತಿಬಂದ ಅರಸರಲ್ಲಿ ಅವನೇ ಮೊದಲಿಗನು. ಮುಂಬಯಿಯಿಂದ ಹಡಗು ಹತ್ತಿ ಈಜಿಪ್ತಿಗೂ ಅಲ್ಲಿಂದ ಯುರೋಪಿಗೂ ತೆರಳಿದನು.

ಈ ದೊರೆಯ ಪೂರ್ವಾಶ್ರಮವನ್ನು ಕೇಳಿದರೆ ನಮ್ಮ ಗುಮಾಸ್ತ ಮಿತ್ರರಿಗೆ ಸಂತೋಷವಾದೀತು. 1836ರ ನವೆಂಬರ್ 16ರಂದು ಹೊನೊಲುಲುವಿನಲ್ಲಿ ಕುಲೀನ ಮನೆತನವೊಂದರಲ್ಲಿ ಹುಟ್ಟಿದ ಅವನು ಸಿಂಹಾಸನಕ್ಕೆ ನೇರ ವಾರಸುದಾರನಾಗಿರಲಿಲ್ಲ. ಅಮೆರಿಕದ ಮಿಶನರಿಗಳ ಶಾಲೆಯಲ್ಲಿ ಓದಿ, ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿ, 1863ರಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥನಾದನು. 1870ರಲ್ಲಿ ವಕೀಲಿಯ ಸನ್ನದು ದೊರೆತ ಮೇಲೂ ಭೂಮಿ ಕಚೇರಿಯಲ್ಲಿ ಮತ್ತೆ ಕಾರಕೂನಿಕೆಯೇ. 1874ರ ಫೆಬ್ರವರಿಯಲ್ಲಿ ಶಾಸನಸಭೆಯು ಮತದಾನದಿಂದ ಅವನನ್ನು ದೊರೆಯನ್ನಾಗಿ ಆರಿಸಿತು. ಕಡತದ ಮೇಜಿನಿಂದ ಸಿಂಹಾಸನಕ್ಕೆ ಏರಿದವರು ಲೋಕದಲ್ಲಿ ಎಷ್ಟು ಮಂದಿ!

ಆದರೆ ಅವನ ಕೈಗೆ ಬಂದದ್ದು ಕ್ಷೀಣಿಸುತ್ತಿದ್ದ ನಾಡು. 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಬಂದಂದಿನಿಂದ ಪರದೇಶದ ರೋಗಗಳು ಆ ಜನವನ್ನು ಸೂರೆಗೊಂಡಿದ್ದವು. ಲಕ್ಷಗಟ್ಟಳೆಯಿದ್ದ ಹವಾಯಿಗರು 1884ರ ಜನಗಣತಿಯಲ್ಲಿ ಸುಮಾರು 40,000ಕ್ಕೆ ಇಳಿದಿದ್ದರು. ಮುದುಕರೊಡನೆ ಅವರ ವಿದ್ಯೆಗಳೂ ಮಣ್ಣು ಸೇರುತ್ತಿದ್ದವು.

ಆ ವಿದ್ಯೆಗಳಲ್ಲಿ ಒಂದು ಲೋಮಿಲೋಮಿ. ಲೋಮಿ ಎಂದರೆ ತಿಕ್ಕುವುದು, ಹಿಸುಕುವುದು, ನಾದುವುದು. ಅಂಗೈಯಿಂದ ಮಾತ್ರವಲ್ಲ, ಮುಂಗೈಯಿಂದಲೂ ಮೊಣಕೈಯಿಂದಲೂ ಒತ್ತುವರು. ಕೆಲವೊಮ್ಮೆ ಬೆನ್ನಿನ ಮೇಲೆ ಕಾಲಿಟ್ಟು ತುಳಿಯುವುದೂ ಉಂಟು. ಕೊಬ್ಬರಿಯೆಣ್ಣೆ ಅವರಿಗೂ ಬೇಕು. ಕುಕುಯಿ ಎಂಬ ಮರದ ಕಾಯಿಯ ಎಣ್ಣೆಯೂ ಬೇಕು. ಪ್ರಾರ್ಥನೆಯಿಲ್ಲದೆ ಕೈ ಇಡುವಂತಿಲ್ಲ. ಹಬ್ಬದ ದಿನ ಅಜ್ಜಿಯ ಕೈಯಿಂದ ಎಣ್ಣೆ ತಿಕ್ಕಿಸಿಕೊಂಡು ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟವಾದ ಮೇಲೆ ಮೈಯೊತ್ತಿಸಿಕೊಳ್ಳುವುದು ಅಲ್ಲಿನ ನಾಯಕರಿಗೆ ಭೋಗವಾಗಿದ್ದರೆ, ದುಡಿದು ಬಂದ ಬಡವನಿಗೆ ಅದೇ ಔಷಧ.

ಇದನ್ನು ಕಲಿಯುವ ಬಗೆಯೇ ಬೇರೆ. ಶಾಲೆಯಿಲ್ಲ, ಪುಸ್ತಕವಿಲ್ಲ, ಶುಲ್ಕವಿಲ್ಲ. ಮನೆಯ ಹಿರಿಯರು ಮಕ್ಕಳಲ್ಲಿ ಒಬ್ಬರನ್ನು ಎಳವೆಯಲ್ಲೇ ಗುರುತಿಸಿ ಹತ್ತಿರ ಕೂರಿಸಿಕೊಳ್ಳುವರು. ಆ ಮಗು ಬಹುಕಾಲ ನೋಡುವುದಷ್ಟೇ ಕೆಲಸ, ಪ್ರಶ್ನೆ ಕೇಳುವಂತಿಲ್ಲ. ರೋಗವನ್ನು ಬೆರಳಿನಿಂದ ಮುಟ್ಟಿ ಅರಿಯುವ ವೈದ್ಯರಂತೂ ಸಣ್ಣ ಕಲ್ಲುಗಳನ್ನು ಮನುಷ್ಯಾಕಾರದಲ್ಲಿ ಜೋಡಿಸಿ, ಯಾವ ಅಂಗದಲ್ಲಿ ಯಾವ ಬೇನೆ ನೆಲೆಸುವುದೆಂದು ಶಿಷ್ಯರಿಗೆ ತೋರಿಸುತ್ತಿದ್ದರು. ಇಂತಹ ಪರಿಣತರಿಗೆ ಕಾಹುನ ಎಂದು ಹೆಸರು. 1820ರಲ್ಲಿ ಬಂದ ಮಿಶನರಿಗಳ ಕಣ್ಣಿಗೆ ಇವರು ಮಾಟಗಾರರಾಗಿ ಕಂಡರು. ಹುಲಾ ಕುಣಿತವೂ ಕಾಹುನರ ಪೂಜೆಯೂ ನಿಷೇಧಕ್ಕೆ ಒಳಗಾದವು. ಶಿಷ್ಯನಾಗಬೇಕೆಂಬ ಹುಡುಗನಿಗೆ ಗುರುವಿನ ಮನೆಯ ಬಾಗಿಲು ಮುಚ್ಚತೊಡಗಿತು.

ಮಿಶನರಿ ಶಾಲೆಯಲ್ಲೇ ಬೆಳೆದ ಕಲಾಕೌವನು ಇದಕ್ಕೆ ಎದುರಾಗಿ ನಿಂತುದು ಸೋಜಿಗವೇ ಸರಿ. 1883ರ ಪಟ್ಟಾಭಿಷೇಕದಲ್ಲಿ ಹುಲಾವನ್ನು ಬಹಿರಂಗವಾಗಿ ಆಡಿಸಿದನು. ನಾಡವೈದ್ಯರಿಗೆ ಪರವಾನಿಗೆ ಕೊಡಲು ಐದನೆಯ ಕಾಮೇಹಮೇಹನ ಕಾಲದಲ್ಲಿ, 1868ರಲ್ಲಿ, ಒಂದು ಕಾಯಿದೆಯಾಗಿತ್ತು. 1886ರಲ್ಲಿ ಹೊಸ ಶಾಸನದಿಂದ ಹವಾಯಿ ಆರೋಗ್ಯ ಮಂಡಲಿಗೆ ಪುನಃ ಬಲ ಬಂದಿತು. ಅದೇ ವರ್ಷ ಹಾಲೆ ನೌವಾ ಎಂಬ ಸಂಘವನ್ನು ಎಬ್ಬಿಸಿ, ಪೂರ್ವಿಕರ ಶಾಸ್ತ್ರಗಳನ್ನು ಆಧುನಿಕ ವಿಜ್ಞಾನದ ಜೊತೆಯಲ್ಲಿಟ್ಟು ಅಭ್ಯಸಿಸಲು ಏರ್ಪಾಡು ಮಾಡಿದನು. ಹೊಸತನ್ನು ಹಳಿಯುವವನೂ ಅವನಲ್ಲ: ನ್ಯೂಯಾರ್ಕಿನಲ್ಲಿ ಎಡಿಸನ್ನನನ್ನು ಕಂಡುಬಂದವನು, ತನ್ನ ಇಯೊಲಾನಿ ಅರಮನೆಗೆ ವಿದ್ಯುದ್ದೀಪ ಹಾಕಿಸಿದವನು.

ದೋಷಗಳಿರಲಿಲ್ಲವೆಂದಲ್ಲ. ಕೈ ಬಲು ದೊಡ್ಡದು. ಅರಮನೆಗೂ ಉತ್ಸವಗಳಿಗೂ ಹಣ ನೀರಾಯಿತು, ಸಾಲ ಬೆಳೆಯಿತು. ಸಕ್ಕರೆ ತೋಟಗಳ ಬಿಳಿಯ ಒಡೆಯರು ಇದನ್ನೇ ನೆವ ಮಾಡಿಕೊಂಡರು. 1887ರ ಜುಲೈಯಲ್ಲಿ ಬಂದೂಕುಗಳ ಬೆದರಿಕೆಯಡಿ ಹೊಸ ಸಂವಿಧಾನಕ್ಕೆ ಅವನಿಂದ ರುಜು ಹಾಕಿಸಿದರು. ಅದಕ್ಕೆ ಬಾಯೊನೆಟ್ ಸಂವಿಧಾನವೆಂದೇ ಹೆಸರು ನಿಂತಿತು. ಅಧಿಕಾರವೆಲ್ಲ ಕೈಬಿಟ್ಟಿತು. ಸೃಷ್ಟಿಯನ್ನು ಕುರಿತ ಕುಮುಲಿಪೋ ಎಂಬ ಪುರಾತನ ಮಂತ್ರಗೀತವನ್ನು 1889ರಲ್ಲಿ ಅಚ್ಚು ಹಾಕಿಸಿದುದು ಆ ಅಸಹಾಯ ದಿನಗಳಲ್ಲಿಯೇ.

ದೇಹಾರೋಗ್ಯ ಕೆಟ್ಟು ಕ್ಯಾಲಿಫೋರ್ನಿಯಕ್ಕೆ ಹೋದ ದೊರೆಯು 1891ರ ಜನವರಿ 20ರಂದು ಸಾನ್‌ಫ್ರಾನ್ಸಿಸ್ಕೋದ ಪ್ಯಾಲೇಸ್ ಹೋಟೆಲಿನ ಕೊಠಡಿಯಲ್ಲಿ ಕಣ್ಮುಚ್ಚಿದನು. ಅಂದು ದ್ವೀಪಗಳಿಗೆ ತಂತಿಯಿರಲಿಲ್ಲ. ಸ್ವಾಗತಕ್ಕೆಂದು ಹೊನೊಲುಲು ತೋರಣ ಕಟ್ಟಿಕೊಂಡು ಕಾದಿತ್ತು. ಹಡಗು ದಿಗಂತದಲ್ಲಿ ಕಾಣಿಸಿದಾಗ ಬಾವುಟ ಅರ್ಧಕ್ಕೆ ಇಳಿದಿತ್ತು; ತೋರಣಗಳನ್ನು ಬಿಚ್ಚಿ ಕಪ್ಪು ಬಟ್ಟೆ ಕಟ್ಟಿದರು.

ತಂಗಿ ಲಿಲಿಉಒಕಲಾನಿ ಪಟ್ಟಕ್ಕೆ ಬಂದಳು. 1893ರಲ್ಲಿ ಅವಳನ್ನೂ ಇಳಿಸಿದರು. 1898ರಲ್ಲಿ ರಾಜ್ಯವೇ ಅಮೆರಿಕದ ಪಾಲಾಯಿತು. ಲೋಮಿಲೋಮಿ ಮಾತ್ರ ಮನೆಗಳ ಒಳಕೋಣೆಯಲ್ಲಿ, ಅಜ್ಜಿಯಿಂದ ಮೊಮ್ಮಗಳಿಗೆ, ಸದ್ದಿಲ್ಲದೆ ಸಾಗಿತು. 1970ರ ದಶಕದಲ್ಲಿ ಕೆಲವು ಹಿರಿಯರು ಮನೆಯವರಲ್ಲದವರಿಗೂ ಕಲಿಸಲು ಮುಂದಾದರು. ತರುವಾಯ 1998 ಮತ್ತು 2001ರ ಶಾಸನಗಳು ಪಾರಂಪರಿಕ ವೈದ್ಯರಿಗೆ ಮನ್ನಣೆಯಿತ್ತು, ಅವರ ಅರ್ಹತೆಯನ್ನು ನಿರ್ಣಯಿಸುವ ಅಧಿಕಾರವನ್ನು ಹವಾಯಿಯ ಹಿರಿಯರ ಮಂಡಲಿಗಳಿಗೇ ಒಪ್ಪಿಸಿದವು.